ಎಫ್ ಕಿತ್ತರೆ ವಿ ಯಾಕೆ ಸತ್ತಿತು?

ಕೀಬೋರ್ಡಿನಲ್ಲಿ 'ಅಕ್ಕ' ಎಂದು ಒತ್ತಿದರೆ 'ಅಕಕ' ಎಂದು ಬೀಳುತ್ತಿತ್ತು. 'ಅಮ್ಮ' ಹೋಗಿ 'ಅಮಮ' ಆಗಿತ್ತು. ಮೊದಲ ಎರಡು ದಿನ ನನ್ನ ಬೆರಳನ್ನೇ ಬೈದುಕೊಂಡೆ. ಮೂರನೇ ದಿನ ಎಫ್ ಕೀಯನ್ನು ಜೋರಾಗಿ ಅದುಮಿ ನೋಡಿದೆ. ಒತ್ತಕ್ಷರ ಸರಿಯಾಗಿ ಬಂತು. ಮೆಲ್ಲಗೆ ಒತ್ತಿದರೆ ಇಲ್ಲ. ಕೆಲವೊಮ್ಮೆ ಒಂದೇ ಸಲ ಒತ್ತಿದ್ದು ಎರಡು ಸಲ ಬೀಳುತ್ತಿತ್ತು. ತಪ್ಪು ಬೆರಳಿನದಲ್ಲ ಅಂತ ಆಗ ಗೊತ್ತಾಯಿತು.

ನಾನು ಬಳಸುವುದು ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ. ಅದರಲ್ಲಿ ಒತ್ತಕ್ಷರ ಮೂಡಿಸುವ ಕೀ ಎಫ್. ಇಂಗ್ಲಿಷಿನಲ್ಲಿ ಬರೆಯುವವರು ಎಫ್ ಇಲ್ಲದೆ ಒಂದೆರಡು ವಾಕ್ಯವಾದರೂ ದೂಡಬಹುದು. ಇಲ್ಲಿ ಎಫ್ ಕೈಕೊಟ್ಟರೆ 'ಕನ್ನಡ' ಅನ್ನುವ ಪದವನ್ನೇ ಬರೆಯಲು ಆಗುವುದಿಲ್ಲ. ಹಾಗಾಗಿ ರಿಪೇರಿಯನ್ನು ಮುಂದಕ್ಕೆ ಹಾಕುವ ಹಾಗಿರಲಿಲ್ಲ.

ನನ್ನದು 61 ಕೀಗಳ ಸಣ್ಣ ಮೆಕ್ಯಾನಿಕಲ್ ಕೀಬೋರ್ಡ್. ಇಂಥ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಒಂದು ಬೇರೆ ಸ್ವಿಚ್ ಇರುತ್ತದೆ. ಈಗಿನ ಹಲವು ಕೀಬೋರ್ಡುಗಳಲ್ಲಿ ಸ್ವಿಚ್ಚನ್ನು ಸುಮ್ನೆ ಎಳೆದು ತೆಗೆದು ಹೊಸದು ಚುಚ್ಚಬಹುದು. ಅದಕ್ಕೆ ಹಾಟ್‌ಸ್ವಾಪ್ ಅನ್ನುತ್ತಾರೆ. ನನ್ನದು ಹಾಗಲ್ಲ. ಸ್ವಿಚ್ಚಿನ ಎರಡು ಪಿನ್ನುಗಳನ್ನೂ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸೆದಿದ್ದಾರೆ. ತೆಗೆಯಬೇಕು ಅಂದರೆ ಬೆಸುಗೆ ಕರಗಿಸಲೇಬೇಕು.

ನನ್ನ ಯೋಜನೆ ಸರಳವಾಗಿತ್ತು. ಬಲಮೂಲೆಯ ಮೆನು ಕೀಯನ್ನು ನಾನು ಜನ್ಮದಲ್ಲಿ ಒತ್ತಿದವನಲ್ಲ. ಅದರ ಸ್ವಿಚ್ ಕಿತ್ತು ಎಫ್ ಜಾಗಕ್ಕೆ ಹಾಕುವುದು. ನಾಲ್ಕು ಬೆಸುಗೆ ಬಿಚ್ಚಬೇಕು, ಎರಡು ಹಾಕಬೇಕು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮುಗಿಯಲು ಆರು ದಿನ ಹಿಡಿಯಿತು.

ಕೇಬಲ್ ಕಿತ್ತಿಟ್ಟು, ಕೀಬೋರ್ಡಿನ ಒಂದು ಫೋಟೋ ತೆಗೆದುಕೊಂಡು, ಕೀಗಳ ಮೇಲಿನ ಕ್ಯಾಪ್‌ಗಳನ್ನೆಲ್ಲ ಎಳೆದು ತೆಗೆದೆ. ಸ್ಕ್ರೂಗಳು ಕ್ಯಾಪ್‌ಗಳ ಅಡಿಯಲ್ಲಿ ಅವಿತಿದ್ದವು. ಕೇಸ್ ಬಿಚ್ಚಿದರೆ ಒಳಗೆ ಒಂದು ಲೋಹದ ಪ್ಲೇಟ್, ಅದರ ಕೆಳಗೆ ಬೋರ್ಡ್. ಸ್ವಿಚ್ಚುಗಳು ಪ್ಲೇಟಿಗೆ ಕಚ್ಚಿಕೊಂಡಿವೆ, ಪಿನ್ನುಗಳು ಬೋರ್ಡಿನ ತೂತುಗಳಲ್ಲಿ ಇಳಿದು ಹಿಂಬದಿಯಲ್ಲಿ ಬೆಸೆದುಕೊಂಡಿವೆ. ಬೆಸುಗೆ ಬಿಚ್ಚದೆ ಎರಡನ್ನೂ ಬೇರೆ ಮಾಡುವ ಹಾಗಿಲ್ಲ.

ಬೋರ್ಡನ್ನು ಮಗುಚಿದಾಗ ಎಡಬಲ ಅದಲು ಬದಲಾಗುತ್ತದೆ. ಇದು ಯಾರಿಗೆ ಗೊತ್ತಿಲ್ಲ ಹೇಳಿ. ಆದರೂ ಬೆಸುಗೆ ಹಾಕುವ ಐರನ್ ಕೈಯಲ್ಲಿ ಹಿಡಿದು ನಾನು ಹೋಗಿದ್ದು ಕೆ ಕೀಯ ಪಿನ್ನಿಗೆ. ಕೊನೇ ಗಳಿಗೆಯಲ್ಲಿ ಅನುಮಾನ ಬಂದು, ಮೇಲಿಂದ ಎಫ್ ಸ್ವಿಚ್ಚನ್ನು ಮುಟ್ಟಿ, ಕೆಳಗಿನ ಜಾಗ ನೋಡಿಕೊಂಡು ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು.

ಮುಂದೆ ಆಗಿದ್ದನ್ನು ನೆನೆಸಿಕೊಂಡರೆ ಈಗಲೂ ಕಸಿವಿಸಿ. ಐರನ್ ತಾಗಿಸಿದೆ, ಬೆಸುಗೆ ಕರಗಲಿಲ್ಲ. ಕಾರ್ಖಾನೆಯಲ್ಲಿ ಹೆಚ್ಚಾಗಿ ಸೀಸ ಇಲ್ಲದ ಬೆಸುಗೆ ಬಳಸುತ್ತಾರೆ. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ನಮ್ಮಂಥವರು ಮನೆಯಲ್ಲಿ ಬಳಸುವ 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೇ ಕರಗುತ್ತದೆ. ಹಳೆಯ ಬೆಸುಗೆಯ ಮೇಲೆ ಈ ಹೊಸ ತಂತಿಯನ್ನು ಸ್ವಲ್ಪ ಕರಗಿಸಿ ಬೆರೆಸಿದರೆ ಎರಡೂ ಸೇರಿ ಸಲೀಸಾಗಿ ಕರಗುತ್ತವೆ. ಇದು ಆಮೇಲೆ ಕಲಿತದ್ದು. ಅವತ್ತು ನಾನು ಮಾಡಿದ್ದು ಐರನ್ನಿನ ಬಿಸಿ ಏರಿಸಿದ್ದು. 350ರಲ್ಲಿ ಇದ್ದದ್ದನ್ನು 420ಕ್ಕೆ ತಂದೆ. ತುದಿಯನ್ನು ಒತ್ತಿ ಹಿಡಿದೆ, ಅತ್ತಿತ್ತ ಉಜ್ಜಿದೆ. ಕರಗಿದ ಬೆಸುಗೆ ಹೀರುವ ಸಕ್ಕರ್ ಪಂಪಿನಲ್ಲಿ ನಾಲ್ಕೈದು ಸಲ ಎಳೆದೆ. ಒಂದು ಪಿನ್ ಪೂರ್ತಿ ಬಿಡಿಸಿಕೊಂಡಿತು. ಇನ್ನೊಂದೂ ಬಿಟ್ಟಿರಬೇಕು ಅಂದುಕೊಂಡು, ಮೇಲಿನಿಂದ ಸ್ಕ್ರೂಡ್ರೈವರ್ ತೂರಿಸಿ ಸ್ವಿಚ್ಚನ್ನು ಮೀಟಿದೆ.

ಟಪ್ ಅಂತ ಬಂತು.

ಸ್ವಿಚ್ಚಿನ ಪಿನ್ನಿಗೆ ತಾಮ್ರದ ಒಂದು ಸಣ್ಣ ಕೊಳವೆ ಅಂಟಿಕೊಂಡಿತ್ತು. ಬೋರ್ಡಿನ ತೂತಿನ ಒಳಗೋಡೆ ಅದು. ಹಿಂಬದಿಯಲ್ಲಿ ಪಿನ್ ಸುತ್ತ ಇರಬೇಕಾದ ಉಂಗುರದಂಥ ಪ್ಯಾಡ್ ಸುಟ್ಟು ಎದ್ದು ಒಂದು ಕಡೆ ಮಡಚಿಕೊಂಡಿತ್ತು. ಮುಟ್ಟಿದೆ, ಉದುರಿತು. ಬೋರ್ಡಿನ ಮೇಲಿನ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. ಅದನ್ನು ಗಾಜಿನೆಳೆಯ ಹಲಗೆಗೆ ಅಂಟಿಸಿರುವುದು ಎಪಾಕ್ಸಿ ಅನ್ನುವ ಅಂಟು. ಜಾಸ್ತಿ ಹೊತ್ತು ಬಿಸಿ ತಾಗಿದರೆ ಆ ಹಿಡಿತ ಸಡಿಲವಾಗುತ್ತದೆ. ಆ ಹೊತ್ತಿನಲ್ಲೇ ಎಳೆದರೆ ಮುಗಿಯಿತು. ನಾನು ಎರಡನ್ನೂ ಮಾಡಿದ್ದೆ.

ಹೇಗಾದರೂ ಇರಲಿ, ಉಳಿದವು ನೆಟ್ಟಗಿವೆಯಾ ನೋಡೋಣ ಅಂತ ಬೋರ್ಡನ್ನು ಒಂದು ಒಣ ರಟ್ಟಿನ ಮೇಲಿಟ್ಟು ಕೇಬಲ್ ಚುಚ್ಚಿದೆ. ಎಫ್ ಇಲ್ಲ, ಅದು ಗೊತ್ತಿದ್ದದ್ದೇ. ಆದರೆ ವಿ ಕೂಡ ಇಲ್ಲ! ವಿ ತಂಟೆಗೆ ನಾನು ಹೋಗಿಯೇ ಇರಲಿಲ್ಲ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಕಥೆ. ಬೆಳಿಗ್ಗೆ ಒತ್ತು ಮಾತ್ರ ಇರಲಿಲ್ಲ, ಸಂಜೆಗೆ 'ವ'ವೂ ಹೋಯಿತು.

ಆ ರಾತ್ರಿ ರಿಪೇರಿ ಮಾಡಲಿಲ್ಲ. ಕಾಗದ ಪೆನ್ನು ಹಿಡಿದು ಕೂತೆ. ಎಫ್‌ಗೂ ವಿಗೂ ಏನು ಸಂಬಂಧ?

61 ಕೀಗೆ 61 ತಂತಿ ಎಳೆದು ಕೀಬೋರ್ಡನ್ನು ನಡೆಸುವ ಚಿಪ್‌ಗೆ ಸೇರಿಸುವುದಕ್ಕೆ ಚಿಪ್‌ನಲ್ಲಿ ಅಷ್ಟು ಕಾಲುಗಳಿಲ್ಲ. ನನ್ನ ಬೋರ್ಡಿನಲ್ಲಿ ಇರುವುದು ಎಟಿಮೆಗಾ32ಯು4 ಅನ್ನುವ ಚಿಪ್. ಅದಕ್ಕೆ 44 ಕಾಲುಗಳಿದ್ದರೂ ಇಂಥ ಕೆಲಸಕ್ಕೆ ಸಿಗುವುದು 26. ಹಾಗಾಗಿ ಕೀಗಳನ್ನು ಕೋಷ್ಟಕದ ಹಾಗೆ ಜೋಡಿಸುತ್ತಾರೆ. ನನ್ನದರಲ್ಲಿ 5 ಅಡ್ಡಸಾಲು, 14 ಕಂಬಸಾಲು. ಒಟ್ಟು 19 ತಂತಿ ಸಾಕು. ಪ್ರತಿ ಕೀಯೂ ಒಂದು ಅಡ್ಡಸಾಲು ಮತ್ತು ಒಂದು ಕಂಬಸಾಲು ಸೇರುವ ಜಾಗದಲ್ಲಿ ಕೂತಿರುತ್ತದೆ. ಚಿಪ್ ಒಂದೊಂದೇ ಸಾಲನ್ನು ಎಬ್ಬಿಸಿ, ಯಾವ ಕೀ ಒತ್ತಿದೆ ಅಂತ ವಿಚಾರಿಸುತ್ತದೆ. ಸೆಕೆಂಡಿಗೆ ನೂರಾರು ಸಲ. ಹಾಜರಿ ಕರೆದ ಹಾಗೆ.

4, ಆರ್, ಎಫ್, ವಿ ಒಂದೇ ಕಂಬಸಾಲು. ತಾಮ್ರದ ಗೆರೆ ಚಿಪ್‌ನಿಂದ ಹೊರಟು ಮೊದಲು 4ಕ್ಕೆ ಬರುತ್ತದೆ, ಅಲ್ಲಿಂದ ಆರ್, ಅಲ್ಲಿಂದ ಎಫ್, ಕೊನೆಗೆ ವಿ. ಪ್ರತಿ ಕೀಯ ಪ್ಯಾಡ್ ಆ ಕೀಗೆ ಮಾತ್ರ ಸೇರಿದ್ದಲ್ಲ, ಮುಂದಿನ ಕೀಗೆ ಹೋಗುವ ದಾರಿಯೂ ಅದೇ. ನಾನು ಎಫ್‌ನ ಪ್ಯಾಡ್ ಕಿತ್ತಾಗ ವಿಗೆ ಹೋಗುವ ಸೇತುವೆಯನ್ನೇ ಕಿತ್ತಿದ್ದೆ. 4 ಮತ್ತು ಆರ್ ಸೇತುವೆಗಿಂತ ಈಚೆ ಇದ್ದವು, ಬಚಾವಾದವು.

ಇದು ತಲೆಗೆ ಹೋದಾಗ ಎಷ್ಟು ಖುಷಿ ಆಯಿತು ಅಂದರೆ, ಕೀಬೋರ್ಡ್ ಹಾಳಾಗಿದ್ದೇ ಮರೆತುಹೋಯಿತು.

ಮರುದಿನ ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಲು ಕೂತೆ. ಬೋರ್ಡ್ ಕಪ್ಪು ಬಣ್ಣದ್ದು, ಗೆರೆಗಳು ಕಣ್ಣಿಗೆ ಕಾಣುವುದೇ ಇಲ್ಲ. ಹಸಿರು ಬೋರ್ಡಾಗಿದ್ದರೆ ಹಿಂದಿನಿಂದ ಟಾರ್ಚ್ ಹಿಡಿದು ಗೆರೆ ಹುಡುಕಬಹುದಿತ್ತು. ಇಲ್ಲಿ ಮೀಟರಿನ ಬೀಪ್ ಸದ್ದೇ ಗತಿ, ಕಡ್ಡಿ ಇಟ್ಟ ಎರಡು ಜಾಗ ಜೋಡಿಕೊಂಡಿದ್ದರೆ ಅದು ಬೀಪ್ ಅನ್ನುತ್ತದೆ. ಚಿಪ್‌ನ ಕಾಲಿನಿಂದ ಆರ್‌ನ ಪಿನ್ನಿಗೆ: ಬೀಪ್. ಆರ್‌ನಿಂದ ವಿಗೆ: ಸದ್ದಿಲ್ಲ. ಕಾಗದದ ಮೇಲೆ ಬರೆದದ್ದು ಸರಿಯಾಗಿತ್ತು.

ಎಫ್‌ನ ಇನ್ನೊಂದು ಪಿನ್ ಒಂದು ಡಯೋಡಿಗೆ ಹೋಗುತ್ತದೆ, ಡಯೋಡ್ ಅಡ್ಡಸಾಲಿಗೆ. ಪ್ರತಿ ಕೀಗೂ ಹೀಗೆ ಒಂದೊಂದು ಡಯೋಡ್ ಇರುತ್ತದೆ. ಅದು ಇಲ್ಲದಿದ್ದರೆ, ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದಾಗ ಕರೆಂಟ್ ಹಿಂದಿನಿಂದ ಸುತ್ತಿಕೊಂಡು ಬಂದು ನಾಲ್ಕನೇ ಮೂಲೆಯ ಕೀಯನ್ನೂ ಒತ್ತಿದ ಹಾಗೆ ಚಿಪ್‌ಗೆ ಕಾಣುತ್ತದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಹೆಚ್ಚಾಗಿ ಬಳಸುವುದು 1ಎನ್4148 ಅನ್ನುವ ಮಾದರಿ.

ನಾನು ಡಯೋಡಿನ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟೆ. ಬೀಪ್ ಇಲ್ಲ. ತಿರುಗಿಸಿ ಇಟ್ಟೆ. ಆಗಲೂ ಇಲ್ಲ. ಅಯ್ಯೋ, ಡಯೋಡೂ ಸುಟ್ಟಿತು ಅಂತ ತಲೆ ಮೇಲೆ ಕೈಹೊತ್ತೆ. ಕಿತ್ತುಹಾಕೋಣ ಅಂತ ಐರನ್ ಬಿಸಿಗೂ ಇಟ್ಟೆ. ಅದು ಕಾಯುವಷ್ಟರಲ್ಲಿ, ಏನೋ ಹೊಳೆದು ಪಕ್ಕದ ಜಿ ಕೀಯ ಡಯೋಡನ್ನೂ ಅದೇ ರೀತಿ ನೋಡಿದೆ. ಅದೂ ಬೀಪ್ ಅನ್ನಲಿಲ್ಲ. ಜಿ ಕೀ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತಲ್ಲ! ಮೀಟರಿನ ಬೀಪ್ ಇರುವುದು ತಂತಿ ಪರೀಕ್ಷಿಸಲು, ಡಯೋಡಿಗೆ ಬೇರೆಯದೇ ಗುರುತು ಇದೆ. ಗುಂಡಿಯನ್ನು ಡಯೋಡ್ ಚಿತ್ರಕ್ಕೆ ತಿರುಗಿಸಿದೆ. ಒಂದು ದಿಕ್ಕಿನಲ್ಲಿ 0.6 ವೋಲ್ಟ್ ಆಸುಪಾಸು, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲ. ಆರೋಗ್ಯವಾಗಿರುವ ಡಯೋಡ್. ಐರನ್ ಆರಿಸಿದೆ.

ಈಗ ಮೆನು ಸ್ವಿಚ್ ತೆಗೆಯಬೇಕು. ಈ ಸಲ ಅವಸರ ಮಾಡಲಿಲ್ಲ. ಕಿಟಕಿ ತೆರೆದಿಟ್ಟೆ, ಬೆಸುಗೆ ಸರಾಗವಾಗಿ ಹರಿಯಲು ಹಚ್ಚುವ ಫ್ಲಕ್ಸ್‌ನ ಹೊಗೆ ಗಂಟಲಿಗೆ ಒಳ್ಳೆಯದಲ್ಲ. ಐರನ್ 350ರಲ್ಲೇ ಇತ್ತು. ಪಿನ್ನಿಗೆ ಫ್ಲಕ್ಸ್ ಹಚ್ಚಿ, ಹೊಸ ಬೆಸುಗೆಯನ್ನು ಧಾರಾಳವಾಗಿ ಸೇರಿಸಿದೆ. ಇದ್ದದ್ದನ್ನು ತೆಗೆಯಬೇಕಾದ ಕಡೆ ಇನ್ನಷ್ಟು ಸುರಿಯುವುದು ವಿಚಿತ್ರ ಅನಿಸುತ್ತದೆ, ಆದರೆ ಇಡೀ ಗುಡ್ಡೆ ಒಮ್ಮೆಗೇ ಹೊಳೆಯುತ್ತಾ ಕರಗಿತು. ಪಂಪ್ ಒತ್ತಿದೆ. ಒಂದೇ ಎಳೆತಕ್ಕೆ ತೂತು ಖಾಲಿ. ಎರಡನೇ ಪಿನ್ನೂ ಹಾಗೇ. ಆಮೇಲೆ ಚಿಮುಟದಿಂದ ಪಿನ್ನನ್ನು ಅಲುಗಾಡಿಸಿ ನೋಡಿದೆ. ತೂತಿನೊಳಗೆ ಕಟ್ ಕಟ್ ಅಂತ ಸಲೀಸಾಗಿ ಆಡಿತು. ಪಿನ್ ಹೀಗೆ ಆಡುವವರೆಗೆ ಸ್ವಿಚ್ ಎಳೆಯಬಾರದು, ಅಷ್ಟೇ. ಪ್ಲೇಟಿನ ಮೇಲಿನ ಎರಡು ಕೊಂಡಿ ಅದುಮಿದರೆ ಸ್ವಿಚ್ ತಾನಾಗಿ ಕೈಗೆ ಬಂತು. ಪ್ಯಾಡ್ ಎರಡೂ ಹೊಸದರ ಹಾಗೆ ಹೊಳೆಯುತ್ತಿದ್ದವು. ಮುನ್ನಾದಿನ ಇಪ್ಪತ್ತು ನಿಮಿಷ ಒದ್ದಾಡಿದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಸಂತೋಷಕ್ಕಿಂತ ಹೊಟ್ಟೆಯುರಿಯೇ ಜಾಸ್ತಿ ಆಯಿತು.

ಸ್ವಿಚ್ಚನ್ನು ಎಫ್ ಜಾಗದಲ್ಲಿ ಕೂರಿಸಿ ಡಯೋಡಿನ ಕಡೆಯ ಪಿನ್ ಬೆಸೆದೆ. ಆ ಪ್ಯಾಡ್ ಉಳಿದಿತ್ತು. ಇನ್ನೊಂದು ಪಿನ್ನಿನ ಸುತ್ತ ಬರೀ ಹಲಗೆ. ಕಿತ್ತುಹೋದ ಗೆರೆಯ ಎರಡು ತುದಿಗಳು ಮಾತ್ರ ಆಚೆ ಈಚೆ ನಿಂತಿದ್ದವು. ಬ್ಲೇಡಿನಿಂದ ಅವುಗಳ ಮೇಲಿನ ಕಪ್ಪು ಲೇಪ ಕೆರೆದೆ. ಒಳಗಿನ ತಾಮ್ರ ಮಿಂಚಿತು. ಪಿನ್ನಿಗೂ ಎರಡು ತುದಿಗಳಿಗೂ ಸೇರಿ ಒಂದು ದೊಡ್ಡ ಬೆಸುಗೆ ಗುಡ್ಡೆ ಹಾಕಿದೆ. ಮೀಟರ್ ಬೀಪ್ ಅಂದಿತು. ಕೇಸ್ ಮುಚ್ಚಿ, ಕ್ಯಾಪ್ ಹಾಕಿ, 'ಅಕ್ಕ' ಎಂದು ಒತ್ತಿದೆ. ಅಕ್ಕ ಬಂದಳು.

ಎರಡು ದಿನ ಇದ್ದಳು. ಮೂರನೇ ದಿನ ಮತ್ತೆ ವಿ ಕಣ್ಣಾಮುಚ್ಚಾಲೆ ಶುರುಮಾಡಿತು.

ಬಿಚ್ಚಿ ನೋಡಿದರೆ ಗುಡ್ಡೆ ಹಾಗೇ ಇತ್ತು, ನೋಡಲು ಗಟ್ಟಿಮುಟ್ಟಾಗಿ. ಚಿಮುಟದಿಂದ ನೂಕಿದರೆ ಇಡೀ ಗುಡ್ಡೆ ಅಲುಗಿತು. ಬೆಸುಗೆ ಹಲಗೆಗೆ ಅಂಟುವುದಿಲ್ಲ, ತಾಮ್ರಕ್ಕೆ ಮಾತ್ರ. ಆ ಭಾರವನ್ನೆಲ್ಲ ಹಿಡಿದಿದ್ದು ಕೂದಲಿನಷ್ಟು ಅಗಲದ ಎರಡು ಗೆರೆತುದಿಗಳು. ಪ್ರತಿ ಸಲ ಎಫ್ ಒತ್ತಿದಾಗ ಪಿನ್ ಚೂರು ಕದಲುತ್ತದೆ, ಪಿನ್ನಿನ ಜೊತೆ ಗುಡ್ಡೆ, ಗುಡ್ಡೆಯ ಜೊತೆ ಗೆರೆ. ಕನ್ನಡ ಬರೆಯುವವನು ದಿನಕ್ಕೆ ಎಫ್ ಎಷ್ಟು ಸಲ ಒತ್ತುತ್ತಾನೆ, ಲೆಕ್ಕ ಹಾಕಿ. ವಿ ಕಡೆಯ ಗೆರೆ ಇನ್ನಷ್ಟು ಉದ್ದಕ್ಕೆ ಎದ್ದು ಬಂದಿತ್ತು.

ಆಗ ನನ್ನ ಕಾಗದದ ನಕ್ಷೆಯನ್ನು ಮತ್ತೆ ತೆಗೆದೆ. ಇಷ್ಟು ಹೊತ್ತೂ ನಾನು ಹಳೆಯ ದಾರಿಯನ್ನೇ ದುರಸ್ತಿ ಮಾಡಲು ಹೆಣಗುತ್ತಿದ್ದೆ. ಬೇಕಾದ್ದು ಆ ದಾರಿಯಲ್ಲ, ಊರಿಂದ ಊರಿಗೆ ಹೋಗುವುದು. ಆರ್‌ನ ಪಿನ್, ಎಫ್‌ನ ಪಿನ್, ವಿಯ ಪಿನ್, ಮೂರೂ ಒಂದೇ ಕಂಬಸಾಲು. ಆರ್ ಮತ್ತು ವಿಯ ಬೆಸುಗೆಗಳು ಗಟ್ಟಿಯಾಗಿವೆ. ಮೂರಕ್ಕೂ ಒಂದು ತಂತಿ ಎಳೆದರೆ ಹಾಳಾದ ಗೆರೆಯ ಹಂಗೇ ಇಲ್ಲ. ಕೆರೆಯುವ ಕೆಲಸವೂ ಇಲ್ಲ. ಪಕ್ಕಪಕ್ಕದ ಕೀಗಳ ನಡುವಿನ ಅಂತರ 19 ಮಿ.ಮೀ. ಚಿಲ್ಲರೆ. ಒಟ್ಟು ನಾಲ್ಕು ಸೆಂ.ಮೀ.ಗೆ ಸ್ವಲ್ಪ ಜಾಸ್ತಿ ತಂತಿ ಸಾಕು.

ಕೈಗೆ ಸಿಕ್ಕಿದ್ದು ಹಳೆಯ ಕಾಯಿಲ್ ಒಂದರಿಂದ ಬಿಚ್ಚಿದ 0.25 ಮಿ.ಮೀ. ತಾಮ್ರದ ತಂತಿ, ಮೇಲೆ ಎನಾಮಲ್ ಲೇಪ ಇರುವಂಥದ್ದು. ಲೇಪ ಇದ್ದರೆ ಬೇರೆ ಪಿನ್ನುಗಳಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ, ಅದು ಒಳ್ಳೆಯದು. ಆದರೆ ಬೆಸೆಯುವ ಜಾಗದಲ್ಲಿ ಆ ಲೇಪ ಹೋಗಲೇಬೇಕು. ನಾನು ಬ್ಲೇಡಿನಲ್ಲಿ ಎರಡು ಸಲ ಕೆರೆದು ಸಾಕು ಅಂದುಕೊಂಡೆ. ಬೆಸುಗೆ ತಂತಿಯ ಸುತ್ತ ಉಂಡೆಕಟ್ಟಿ ನಿಂತಿತು, ಒಳಗೆ ತಂತಿ ಜಾರುತ್ತಿತ್ತು. ಮತ್ತೆ ಸುತ್ತಲೂ ತಿರುಗಿಸಿ ಕೆರೆದು, ಫ್ಲಕ್ಸ್ ಹಚ್ಚಿ, ತುದಿಗೆ ಮೊದಲೇ ತೆಳ್ಳಗೆ ಬೆಸುಗೆ ಸವರಿದೆ. ತುದಿ ಪೂರ್ತಿ ಬೆಳ್ಳಗೆ ಆದಮೇಲೆ ಪಿನ್ನಿಗೆ ಮುಟ್ಟಿಸಿದೆ. ಎರಡು ಸೆಕೆಂಡಿನಲ್ಲಿ ಕೂತಿತು. ಸ್ವಿಚ್ ಪ್ಲಾಸ್ಟಿಕ್ಕಿನದು ನೋಡಿ, ಪಿನ್ನಿಗೆ ಜಾಸ್ತಿ ಹೊತ್ತು ಬಿಸಿ ಕೊಟ್ಟರೆ ಒಳಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನೇ ವಾಲುತ್ತದೆ.

ತಂತಿಯನ್ನು ಬಿಗಿಯಾಗಿ ಎಳೆಯಲಿಲ್ಲ, ಎಫ್ ಹತ್ತಿರ ಒಂದು ಸಣ್ಣ ಬಾಗು ಬಿಟ್ಟೆ. ಪಿನ್ ಕದಲಿದರೆ ತಂತಿಯೂ ಕದಲಲಿ ಅಂತ. ಎಫ್‌ನ ಬುಡಕ್ಕೆ ಒಂದು ಹನಿ ಎಪಾಕ್ಸಿ, ತಂತಿಯ ಉದ್ದಕ್ಕೂ ಕ್ಯಾಪ್ಟನ್ ಟೇಪ್. ಹೆಸರು ಕೇಳಿ ಹಡಗಿನ ಕ್ಯಾಪ್ಟನ್ ನೆನಪಾಗಬಹುದು. ಇದು ಬಿಸಿ ತಡೆಯುವ ಹಳದಿ ಬಣ್ಣದ ತೆಳು ಟೇಪು, ಅಷ್ಟೇ.

ಎಪಾಕ್ಸಿ ಒಣಗಲು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೊದಲು ಯುಎಸ್‌ಬಿಯ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲ ಅಂತ ನೋಡಿಕೊಂಡೆ. ನನ್ನ ಬೆಸುಗೆಗಾಗಿ ಕಂಪ್ಯೂಟರಿನ ಪೋರ್ಟ್ ಬಲಿಯಾಗಬಾರದಲ್ವಾ. ಕೇಬಲ್ ಚುಚ್ಚಿದೆ. ಎಫ್ ಇದೆ. ವಿ ಇದೆ. ಇರಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. 'ರ' ಒತ್ತಿದರೆ 'ರತ'. 'ವ' ಒತ್ತಿದರೆ 'ವಬ'. 4 ಒತ್ತಿದರೆ 45.

ಹಿಂದಿನ ವಾರ ಆಗಿದ್ದರೆ ಕೀಬೋರ್ಡನ್ನು ಕಿಟಕಿಯಿಂದ ಎಸೆಯುತ್ತಿದ್ದೆನೋ ಏನೋ. ಈಗ ನಕ್ಷೆ ಕೈಯಲ್ಲಿತ್ತು. ಆರ್ ಜೊತೆ ಟಿ, ವಿ ಜೊತೆ ಬಿ, 4ರ ಜೊತೆ 5. ಟಿ ಒತ್ತಿದರೂ ಆರ್ ಬರುತ್ತಿತ್ತು. ಅಂದರೆ ಎರಡು ಕಂಬಸಾಲು ಪೂರ್ತಿ ಒಂದಕ್ಕೊಂದು ತಗುಲಿಕೊಂಡಿವೆ. ಎಷ್ಟೇ ಕೀಗಳು ಕೆಟ್ಟಂತೆ ಕಂಡರೂ ತಪ್ಪು ಒಂದೇ ಜಾಗದಲ್ಲಿ, ಅದೂ ನಾನು ಕೈಯಾಡಿಸಿದ ಜಾಗದಲ್ಲೇ ಇರಬೇಕು. ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಭೂತಗನ್ನಡಿಯ ಹಾಗೆ ಹಿಡಿದೆ. ವಿಯ ಪಿನ್ನಿನ ಪಕ್ಕದಲ್ಲಿ, ಪಕ್ಕದ ಸಾಲಿನ ಗೆರೆ ಹಾದುಹೋಗುವ ಒಂದು ಸಣ್ಣ ತೂತಿನ ಮೇಲೆ, ಸಾಸಿವೆಗಿಂತ ಚಿಕ್ಕ ಬೆಸುಗೆ ಗುಂಡು ಫ್ಲಕ್ಸ್ ಅಂಟಿನಲ್ಲಿ ಸಿಕ್ಕಿಕೊಂಡು ಕೂತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಗುಂಡು ಮೇಜಿನ ಮೇಲೆ ಉರುಳಿತು. 'ರ' ಬರೀ 'ರ' ಆಯಿತು.

ಸೀಸದ ಕೈ ತೊಳೆದುಕೊಂಡು ಬಂದು, ಕಿತ್ತುಹಾಕಿದ್ದ ಹಳೆಯ ಎಫ್ ಸ್ವಿಚ್ಚನ್ನು ಕುತೂಹಲಕ್ಕೆ ಬಿಚ್ಚಿದೆ. ಮೇಲ್ಮುಚ್ಚಳಕ್ಕೆ ನಾಲ್ಕು ಕೊಂಡಿ. ಒಳಗೆ ಒಂದು ಸ್ಪ್ರಿಂಗ್, ಒಂದು ಕಾಂಡ, ಎರಡು ಲೋಹದ ಎಲೆಗಳು. ಕಾಂಡದ ಕಾಲು ಎಲೆಗಳನ್ನು ದೂರ ಹಿಡಿದಿರುತ್ತದೆ, ಕೀ ಒತ್ತಿದಾಗ ಕಾಂಡ ಕೆಳಗಿಳಿದು ಅವು ಒಂದನ್ನೊಂದು ಮುಟ್ಟುತ್ತವೆ. ಆ ಎರಡು ಎಲೆಗಳ ನಡುವೆ ಒಂದು ಕೂದಲು ಸಿಕ್ಕಿಕೊಂಡಿತ್ತು. ನನ್ನದೇ.

ಅದನ್ನು ಚಿಮುಟದಿಂದ ಎಳೆದು, ಮುಚ್ಚಳ ಹಾಕಿ, ಪಿನ್ನುಗಳಿಗೆ ಮೀಟರ್ ಹಿಡಿದು ಒತ್ತಿದೆ. ಮೆಲ್ಲಗೆ ಒತ್ತಿದರೂ ಬೀಪ್, ಪ್ರತಿ ಸಲವೂ ಬೀಪ್. ಇನ್ನೂ ಒಂದು ವಿಷಯ ಇದೆ. ನನ್ನ ಪ್ಲೇಟಿನ ತೂತುಗಳ ಅಂಚಿನಲ್ಲಿ ಸಣ್ಣ ಕಚ್ಚುಗಳಿವೆ. ಅವು ಇರುವುದೇ ಸ್ವಿಚ್ಚನ್ನು ಬೋರ್ಡಿನಿಂದ ಕೀಳದೆ ಮುಚ್ಚಳ ಮಾತ್ರ ತೆಗೆಯಲಿ ಅಂತ. ಐರನ್ ಬೇಕಿರಲಿಲ್ಲ, ಕೇಸ್ ಬಿಚ್ಚುವುದೂ ಬೇಕಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಹಿರಿಯರು ಹೇಳಿದ್ದು ನನ್ನನ್ನು ನೋಡಿಯೇ ಇರಬೇಕು.

ಆ ಸ್ವಿಚ್ಚನ್ನು ಮೆನು ಜಾಗಕ್ಕೆ ಬೆಸೆಯಬಹುದಿತ್ತು. ಪ್ಯಾಡುಗಳು ಚೆನ್ನಾಗಿಯೇ ಇವೆ, ಐದು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ಕೇಸ್ ಮುಚ್ಚಿ ಸ್ಕ್ರೂ ಬಿಗಿದಾಗಿತ್ತು. ಮತ್ತೆ ಬಿಚ್ಚಲು ಕೈ ಬರಲಿಲ್ಲ. ಹಾಗಾಗಿ ಬಲಮೂಲೆಯಲ್ಲಿ ಈಗಲೂ ಒಂದು ಚೌಕದ ತೂತು ಇದೆ. ಸ್ವಿಚ್ ಮೇಜಿನ ಮೇಲೆ ಬಿದ್ದಿದೆ. ಬರೆಯುವಾಗ ಮುಂದಿನ ವಾಕ್ಯ ಹೊಳೆಯದಿದ್ದರೆ ಅದನ್ನು ಎತ್ತಿಕೊಂಡು ಕಟ್ ಕಟ್ ಅಂತ ಒತ್ತುತ್ತಾ ಕೂರುತ್ತೇನೆ.